ಯಾರೂ ಹೇಳಿಕೊಡದ ಪದಗಳು



ಭೌತಶಾಸ್ತ್ರದ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಎರಡು ತಂತಿಗಳಿವೆ, ಎ ಮತ್ತು ಬಿ. ಒಂದೇ ಲೋಹ, ಒಂದೇ ದಪ್ಪ. ಅವುಗಳ ಉದ್ದ 2 ಮೀಟರ್ ಮತ್ತು 3 ಮೀಟರ್, ‘ರೆಸ್ಪೆಕ್ಟಿವ್ಲಿ’. ತಂತಿಗಳ ಸ್ವಂತ ತೂಕ ‘ನೆಗ್ಲಿಜಿಬಲ್’ ಎಂದು ‘ಅಸ್ಯೂಮ್’ ಮಾಡಿ. ಎರಡಕ್ಕೂ ಒಂದೇ ಭಾರ ತೂಗುಹಾಕಿದರೆ, ಅವು ಹಿಗ್ಗುವ ಪ್ರಮಾಣದ ಅನುಪಾತ ಎಷ್ಟು?

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿಯೊಬ್ಬಳು ಈ ಲೆಕ್ಕವನ್ನು ಇಂಗ್ಲಿಷಿನಲ್ಲಿ ಓದುತ್ತಾಳೆ ಎಂದುಕೊಳ್ಳಿ. ಲೆಕ್ಕದಲ್ಲಿ ಅವಳು ಚುರುಕು. ವೈರ್ ಗೊತ್ತು, ಲೆಂತ್ ಗೊತ್ತು, ಲೋಡ್ ಗೊತ್ತು. ‘ಎಲಾಸ್ಟಿಸಿಟಿ’ ಎಂಬ ದೊಡ್ಡ ಪದವೂ ಗೊತ್ತು. ಉಪನ್ಯಾಸಕರು ಅದನ್ನು ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, ಒಂದು ಪೂರ್ತಿ ತರಗತಿ ವಿವರಿಸಿದ್ದಾರೆ. ಅವಳು ತಡವರಿಸುವುದು ‘ರೆಸ್ಪೆಕ್ಟಿವ್ಲಿ’ ಬಳಿ. ರೆಸ್ಪೆಕ್ಟ್ ಎಂದರೆ ಗೌರವ ಎಂದು ಅವಳು ಕಲಿತಿದ್ದಾಳೆ. ತಂತಿಯ ಉದ್ದಕ್ಕೂ ಗೌರವಕ್ಕೂ ಏನು ಸಂಬಂಧ? ಹತ್ತನೆಯ ತರಗತಿಯವರೆಗೆ ಇಂಥದೇ ಲೆಕ್ಕಗಳಲ್ಲಿ ‘ಅನುಕ್ರಮವಾಗಿ’ ಎಂದು ಓದಿ, ಸರಿಯಾಗಿ ಬಿಡಿಸಿದವಳು ಅವಳು. ಅದೇ ಪದ ಇದು ಎಂದು ಅವಳಿಗೆ ಯಾರೂ ಹೇಳಲಿಲ್ಲ.

ಇವತ್ತು ನಾನು ಮಾತನಾಡುವುದು ಈ ಬಗೆಯ ಪದಗಳ ಬಗ್ಗೆ. ಇಂಗ್ಲಿಷಿನಲ್ಲಿ ಪಾಠ ಓದಬೇಕಾದ ಕನ್ನಡದ ವಿದ್ಯಾರ್ಥಿಗೆ ಅತಿ ಹೆಚ್ಚು ಬೇಕಾದ, ಆದರೆ ಯಾವ ತರಗತಿಯಲ್ಲೂ ಯಾರೂ ಕೂತು ಹೇಳಿಕೊಡದ ಪದಗಳ ಬಗ್ಗೆ.

ಒಂದು ಪಠ್ಯಪುಸ್ತಕದ ಪುಟದಲ್ಲಿ ಮೂರು ಬಗೆಯ ಪದಗಳಿರುತ್ತವೆ. ಮೊದಲನೆಯವು ದಿನಬಳಕೆಯವು. ನೀರು, ಮನೆ, ಹೋಗು, ಬರು, ದೊಡ್ಡದು, ಸಣ್ಣದು. ಇವುಗಳ ಇಂಗ್ಲಿಷ್ ಶಾಲೆಯಲ್ಲೇ ಬಂದಿರುತ್ತದೆ. ಎರಡನೆಯವು ಆಯಾ ಶಾಸ್ತ್ರದ ಪಾರಿಭಾಷಿಕ ಪದಗಳು. ಜೀವಶಾಸ್ತ್ರದ ‘ಆಸ್ಮೋಸಿಸ್’, ಅರ್ಥಶಾಸ್ತ್ರದ ‘ಇನ್‌ಫ್ಲೇಷನ್’. ಇವುಗಳನ್ನು ಪಾಠ ಮಾಡುವವರೇ ಬಿಡಿಸಿ ಹೇಳುತ್ತಾರೆ. ಪುಸ್ತಕದಲ್ಲೂ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತವೆ. ಈ ಎರಡರ ನಡುವೆ ಮೂರನೆಯ ಗುಂಪೊಂದಿದೆ. ‘ಅಸ್ಯೂಮ್’, ‘ಇಂಡಿಕೇಟ್’, ‘ಸಿಗ್ನಿಫಿಕೆಂಟ್’, ‘ಡಿರೈವ್’, ‘ವೇರ್‌ಆಸ್’, ‘ಹೆನ್ಸ್’. ಇವು ಯಾವ ಒಂದು ಶಾಸ್ತ್ರಕ್ಕೂ ಸೇರಿದವಲ್ಲ. ಭೌತಶಾಸ್ತ್ರದಲ್ಲೂ ಬರುತ್ತವೆ, ಇತಿಹಾಸದಲ್ಲೂ ಬರುತ್ತವೆ, ವಾಣಿಜ್ಯದಲ್ಲೂ ಬರುತ್ತವೆ. ಎಲ್ಲ ಕಡೆಯೂ ಇರುವುದರಿಂದಲೇ ಅವು ಯಾರ ಹೊಣೆಯೂ ಆಗಿಲ್ಲ. ಭೌತಶಾಸ್ತ್ರದವರು ಇದು ಇಂಗ್ಲಿಷಿನವರ ಕೆಲಸ ಎಂದುಕೊಳ್ಳುತ್ತಾರೆ. ಇಂಗ್ಲಿಷಿನವರು ಕಥೆ, ಕವಿತೆ, ವ್ಯಾಕರಣ ಮುಗಿಸುವುದರಲ್ಲಿರುತ್ತಾರೆ. ಈ ನಡುವಿನ ಪದಗಳು ಅನಾಥವಾಗಿ ಉಳಿಯುತ್ತವೆ.

ಇವು ಎಷ್ಟಿವೆ? ಇದನ್ನು ಎಣಿಸಿ ನೋಡಿದವರಿದ್ದಾರೆ. ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಎವ್ರಿಲ್ ಕಾಕ್ಸ್‌ಹೆಡ್ ಎಂಬವರು ಈ ಕೆಲಸ ಮಾಡಿದರು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಈ ನಾಲ್ಕು ವಿಭಾಗಗಳ ಪುಸ್ತಕ ಮತ್ತು ಲೇಖನಗಳನ್ನು ಕಲೆಹಾಕಿದರು. ಒಟ್ಟು ಸುಮಾರು 35 ಲಕ್ಷ ಪದಗಳಷ್ಟು ಬರಹ. ಅದರಲ್ಲಿ ದಿನಬಳಕೆಯ ಪದಗಳನ್ನು ಬದಿಗಿಟ್ಟು, ನಾಲ್ಕೂ ವಿಭಾಗಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಆರಿಸಿದರು. 2000ದಲ್ಲಿ ಆ ಪಟ್ಟಿ ಪ್ರಕಟವಾಯಿತು. ಅದರಲ್ಲಿರುವುದು 570 ಪದಕುಟುಂಬಗಳು. ಕುಟುಂಬ ಎಂದರೆ ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು.

ಕೇವಲ 570. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸುವಷ್ಟು. ಆದರೆ ಇವು ಮಾಡುವ ಕೆಲಸ ದೊಡ್ಡದು. ಶಾಸ್ತ್ರದ ಬರಹದಲ್ಲಿ ನೂರು ಪದ ಓದಿದರೆ ಸುಮಾರು ಹತ್ತು ಪದ ಈ ಪಟ್ಟಿಯವೇ ಆಗಿರುತ್ತವೆ. ಕಥೆ, ಕಾದಂಬರಿಯಲ್ಲಾದರೆ ನೂರಕ್ಕೆ ಎರಡೂ ಸಿಗುವುದಿಲ್ಲ. ಹಾಗಾಗಿ ಇಂಗ್ಲಿಷ್ ಕಥೆಗಳನ್ನು ಓದಿ ಸಂತೋಷಪಡುವ ಹುಡುಗನೂ ಅರ್ಥಶಾಸ್ತ್ರದ ಪುಸ್ತಕದ ಮುಂದೆ ಸೋಲಬಹುದು. ಕಥೆ ಓದಬೇಡಿ ಎಂದು ನಾನು ಹೇಳುತ್ತಿಲ್ಲ. ಓದಿ, ಸಂತೋಷಕ್ಕಾಗಿ ಓದಿ. ಈ ಪದಗಳು ಮಾತ್ರ ಅಲ್ಲಿ ಹೆಚ್ಚು ಸಿಗುವುದಿಲ್ಲ ಎಂಬುದು ತಿಳಿದಿರಲಿ.

ದಿನಬಳಕೆಯ ಪದಗಳನ್ನು ಬದಿಗಿಟ್ಟರು ಎಂದೆನಲ್ಲ, ಅದಕ್ಕೂ ಒಂದು ಹಳೆಯ ಪಟ್ಟಿ ಬೇಕಾಗಿತ್ತು. ಆ ಪಟ್ಟಿಗೂ ನಮ್ಮ ನೆಲಕ್ಕೂ ಹತ್ತಿರದ ಸಂಬಂಧವಿದೆ. ಅದನ್ನು ಸಿದ್ಧಪಡಿಸಿದವರು ಮೈಕೇಲ್ ವೆಸ್ಟ್. ಅಂದಿನ ಅವಿಭಜಿತ ಬಂಗಾಳದ ಢಾಕಾದಲ್ಲಿ, ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಇಂಗ್ಲಿಷಿನಲ್ಲಿ ಓದಲು ಒದ್ದಾಡುವ ಬಂಗಾಳಿ ಮಕ್ಕಳನ್ನು ಕಂಡು, ಇವರಿಗೆ ಮೊದಲು ಬೇಕಾದದ್ದು ಓದಿ ತಿಳಿಯುವ ಶಕ್ತಿ ಎಂದು ವಾದಿಸಿದರು. 1926ರಲ್ಲಿ ಬಂಗಾಳದ ದ್ವಿಭಾಷಿಕತೆಯ ಬಗ್ಗೆ ದೊಡ್ಡ ವರದಿ ಬರೆದರು. ಮಕ್ಕಳಿಗೆ ಯಾವ ಪದ ಮೊದಲು, ಯಾವುದು ಆಮೇಲೆ ಎಂಬ ಯೋಚನೆ ಅವರನ್ನು ಜೀವನವಿಡೀ ಬಿಡಲಿಲ್ಲ. 1953ರಲ್ಲಿ ಅವರ ಸುಮಾರು 2000 ಪದಗಳ ಪಟ್ಟಿ ಹೊರಬಂತು. ಢಾಕಾದ ಮಗು ಪಟ್ಟ ಕಷ್ಟದಿಂದ ಶುರುವಾದ ಯೋಚನೆ ಅದು. ನಮ್ಮ ಕಲಬುರಗಿಯ, ಕೊಳ್ಳೇಗಾಲದ ಮಗು ಇವತ್ತು ಪಡುತ್ತಿರುವುದೂ ಅದೇ ಕಷ್ಟ.

ಇಷ್ಟು ಹೇಳಿದ್ದನ್ನು ಒಮ್ಮೆ ಕೂಡಿಸಿ ನೋಡೋಣ. ವೆಸ್ಟ್ ಅವರ 2000 ಪದ ಗೊತ್ತಿದ್ದರೆ, ಶಾಸ್ತ್ರದ ಪುಟದಲ್ಲಿ ಸುಮಾರು ಮುಕ್ಕಾಲು ಪಾಲು ಪದ ಗೊತ್ತಿದ್ದಂತೆ. ಅಂದರೆ ನಾಲ್ಕು ಪದಕ್ಕೊಂದು ಗೊತ್ತಿಲ್ಲ. ಅದರ ಮೇಲೆ ಈ 570 ಸೇರಿದರೆ, ಏಳು ಪದಕ್ಕೊಂದು ಮಾತ್ರ ಗೊತ್ತಿಲ್ಲ. ಆ ಒಂದರಲ್ಲಿ ಬಹಳಷ್ಟು ಪಾರಿಭಾಷಿಕ ಪದಗಳು, ತರಗತಿಯಲ್ಲಿ ವಿವರಿಸುವಂಥವು. ತಾನಾಗಿ ಊಹಿಸುತ್ತ, ಯಾರ ನೆರವೂ ಇಲ್ಲದೆ ಓದಬೇಕಾದರೆ ನೂರಕ್ಕೆ 95ರಿಂದ 98 ಪದ ಗೊತ್ತಿರಬೇಕು ಎಂದು ಈ ವಿಷಯದಲ್ಲಿ ದುಡಿದ ವಿದ್ವಾಂಸರು ಹೇಳುತ್ತಾರೆ. ನಾಲ್ಕಕ್ಕೊಂದು ಗೊತ್ತಿಲ್ಲದಾಗ ಊಹೆ ನಡೆಯುವುದಿಲ್ಲ. ಆಗ ವಿದ್ಯಾರ್ಥಿ ಗೈಡು ತೆಗೆದು ಉತ್ತರವನ್ನು ಬಾಯಿಪಾಠ ಮಾಡುತ್ತಾನೆ. ಅದನ್ನು ನಾವು ಸೋಮಾರಿತನ ಎಂದು ಬೈಯುತ್ತೇವೆ. ಅದು ಸೋಮಾರಿತನವಲ್ಲ. ಪುಟದ ಒಳಗೆ ಹೋಗಲು ದಾರಿ ಸಿಗದವನು ಮತ್ತೇನು ಮಾಡಿಯಾನು?

ಹಾಗಾದರೆ 570 ಪದಗಳೂ ಕನ್ನಡದ ವಿದ್ಯಾರ್ಥಿಗೆ ಹೊಸವೇ? ಅಲ್ಲ. ಈ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಮಕ್ಕಳಿಗೆ ಧೈರ್ಯ ಕೊಡುವ ಸಂಗತಿ ಇಲ್ಲಿದೆ.

ಆ ಪಟ್ಟಿಯ ಅತಿ ಹೆಚ್ಚು ಬಳಕೆಯ ಅರವತ್ತು ಪದಗಳಲ್ಲಿ ಕೆಲವನ್ನು ಹೇಳುತ್ತೇನೆ. ಏರಿಯಾ. ಕಾಂಟ್ರಾಕ್ಟ್. ಡೇಟಾ. ಎಕ್ಸ್‌ಪೋರ್ಟ್. ಫೈನಾನ್ಸ್. ಫಾರ್ಮುಲಾ. ಫಂಕ್ಷನ್. ಇನ್ಕಮ್. ಲೇಬರ್. ಮೇಜರ್. ಪರ್ಸೆಂಟ್. ಪಾಲಿಸಿ. ಸೆಕ್ಷನ್. ಇವುಗಳಲ್ಲಿ ಒಂದನ್ನಾದರೂ ಕೇಳದ ಕನ್ನಡಿಗರು ಇದ್ದಾರೆಯೇ? ತಹಶೀಲ್ದಾರ್ ಕಚೇರಿಯಲ್ಲಿ ಇನ್ಕಮ್ ಸರ್ಟಿಫಿಕೇಟಿಗೆ ಸಾಲು ನಿಂತ ರೈತನಿಗೆ ‘ಇನ್ಕಮ್’ ಗೊತ್ತು. ಹದಿನೆಂಟು ತುಂಬಿದ ಹುಡುಗನಿಗೆ ತಾನು ‘ಮೇಜರ್’ ಎಂದು ಗೊತ್ತು. ಹೀಗೆ ಪಟ್ಟಿಯ ದೊಡ್ಡ ಪಾಲು ನಮ್ಮ ಕಿವಿಯಲ್ಲಿ ಈಗಾಗಲೇ ಇದೆ.

ಕಿವಿಯಲ್ಲಿ ಇದೆ, ನಿಜ. ಆದರೆ ಇವು ಕನ್ನಡದ ಮಾತಿಗೆ ಬಂದಾಗ ಒಂದೊಂದೇ ಅರ್ಥವನ್ನು ಹೊತ್ತುಕೊಂಡು ಬಂದಿವೆ. ನಮಗೆ ‘ಫಂಕ್ಷನ್’ ಎಂದರೆ ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ. ಗಣಿತದ ಪುಸ್ತಕದಲ್ಲಿ ಅದೊಂದು ಬಗೆಯ ಸಂಬಂಧ, ಕನ್ನಡದಲ್ಲಿ ‘ಉತ್ಪನ್ನ’ ಎನ್ನುತ್ತೇವೆ. ಜೀವಶಾಸ್ತ್ರದಲ್ಲಿ ಅದು ಒಂದು ಅಂಗ ಮಾಡುವ ಕೆಲಸ. ನಮಗೆ ‘ಏರಿಯಾ’ ಎಂದರೆ ಬಡಾವಣೆ. ಗಣಿತದಲ್ಲಿ ವಿಸ್ತೀರ್ಣ. ‘ಪಾಲಿಸಿ’ ಎಂದರೆ ನಮಗೆ ವಿಮೆ, ವರ್ಷವರ್ಷ ಕಂತು ಕಟ್ಟುವಂಥದ್ದು. ಅರ್ಥಶಾಸ್ತ್ರದಲ್ಲಿ ಸರ್ಕಾರದ ನೀತಿ. ‘ಕಾಂಟ್ರಾಕ್ಟ್’ ಎಂದರೆ ರಸ್ತೆ, ಸೇತುವೆಯ ಗುತ್ತಿಗೆ. ಜೀವಶಾಸ್ತ್ರದಲ್ಲಿ ಸ್ನಾಯು ಸಂಕುಚಿಸುವುದೂ ‘ಕಾಂಟ್ರಾಕ್ಟ್’. ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಎಂದುಕೊಂಡ ಪದ ಹೆಚ್ಚು ತೊಡಕು ಮಾಡುತ್ತದೆ. ಗೊತ್ತಿಲ್ಲದಿದ್ದರೆ ನಿಘಂಟು ತೆಗೆಯುತ್ತೇವೆ. ಗೊತ್ತಿದೆ ಎನಿಸಿದರೆ ಹಾಗೇ ದಾಟಿಬಿಡುತ್ತೇವೆ. ಮೊದಲಿಗೆ ಹೇಳಿದ ಲೆಕ್ಕದಲ್ಲಿ ಆ ಹುಡುಗಿಗೂ ತೊಡಕಾದದ್ದು ಅವಳಿಗೆ ಗೊತ್ತಿದ್ದ ‘ರೆಸ್ಪೆಕ್ಟ್’.

ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನ ಮೊದಲ ಸಲಹೆ ಇದು. ಹೊಸ ಪದ ಹುಡುಕಲು ಹೋಗುವ ಮೊದಲು, ನಿಮ್ಮ ಮಾತಿನಲ್ಲಿ ಈಗಾಗಲೇ ಓಡಾಡುವ ಈ ಇಂಗ್ಲಿಷ್ ಪದಗಳನ್ನು ಬರೆದಿಡಿ. ಒಂದೊಂದರ ಎದುರಿಗೂ ನಿಮ್ಮ ಪಠ್ಯಪುಸ್ತಕದಲ್ಲಿ ಅದಕ್ಕಿರುವ ಅರ್ಥವನ್ನು ಬರೆಯಿರಿ. ಪದ ಹೊಸದಲ್ಲ, ಅರ್ಥ ಮಾತ್ರ ಹಿಗ್ಗಬೇಕು. ಅರ್ಧ ಕೆಲಸ ಇದರಲ್ಲೇ ಹಗುರಾಗುತ್ತದೆ.

ಇನ್ನೊಂದು ಆಸ್ತಿ ನಮ್ಮ ಮಕ್ಕಳ ಬಳಿ ಇದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿ ಇಂಥ ದಾರಿಯನ್ನು ಒಮ್ಮೆ ನಡೆದು ಬಂದಿದ್ದಾನೆ. ಮನೆಯಲ್ಲಿ ಅವನು ‘ಹಂಗಾಗಿ’ ಎನ್ನುತ್ತಾನೆ. ಪುಸ್ತಕದಲ್ಲಿ ‘ಆದ್ದರಿಂದ’, ‘ತತ್ಪರಿಣಾಮವಾಗಿ’. ಮನೆಯಲ್ಲಿ ‘ಬ್ಯಾರೆ ಬ್ಯಾರೆ ಮಾಡಿ ನೋಡು’. ಪುಸ್ತಕದಲ್ಲಿ ‘ವಿಶ್ಲೇಷಿಸಿ’. ಬೀದರಿನ ಮಗುವಾಗಲಿ, ಪುತ್ತೂರಿನ ಮಗುವಾಗಲಿ, ಮನೆಮಾತಿನಿಂದ ಪುಸ್ತಕದ ಕನ್ನಡಕ್ಕೆ ಬರಲು ವರ್ಷಗಟ್ಟಲೆ ಶ್ರಮಪಟ್ಟಿದೆ. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿನ ಶ್ರಮ ಇನ್ನೂ ದೊಡ್ಡದು. ರೇಖಾಗಣಿತದ ಪ್ರಮೇಯ ಬರೆಯುವಾಗ ‘ದತ್ತ’, ‘ಸಾಧನೀಯ’, ‘ರಚನೆ’, ‘ಸಾಧನೆ’ ಎಂದು ಒಂದರ ಕೆಳಗೊಂದು ಬರೆದದ್ದು ನೆನಪಿದೆಯೇ? ಯಾರ ಮನೆಯಲ್ಲೂ ಆಡದ ಪದಗಳು ಅವು. ನೀವು ಅವನ್ನು ಕಲಿತಿರಿ. ಬಳಸಿದಿರಿ. ಅವುಗಳ ಹಿಂದಿನ ಯೋಚನೆಯ ಕ್ರಮವೂ ನಿಮ್ಮದಾಯಿತು.

ಅದೇ ಕ್ರಮಕ್ಕೆ ಈಗ ಇಂಗ್ಲಿಷಿನ ಹೆಸರು ಬೇಕಾಗಿದೆ, ಅಷ್ಟೆ. ‘ಊಹಿಸಿಕೊಳ್ಳಿ’ ಎಂದರೇನು ಎಂಬುದು ತಲೆಯಲ್ಲಿ ಗಟ್ಟಿಯಾಗಿದ್ದವರಿಗೆ ‘ಅಸ್ಯೂಮ್’ ಕಲಿಯುವುದು ಒಂದು ಸಂಜೆಯ ಕೆಲಸ. ಅದು ಯಾವ ಭಾಷೆಯಲ್ಲೂ ಗಟ್ಟಿಯಾಗಿಲ್ಲದಿದ್ದರೆ ‘ಅಸ್ಯೂಮ್’ ಎಂಬುದು ಬರಿಯ ಸದ್ದು. ಕನ್ನಡದಲ್ಲಿ ಓದಿದ್ದರಿಂದ ಹಿಂದೆ ಬಿದ್ದೆವು ಎಂದು ಕುಗ್ಗುವ ಮಕ್ಕಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅವರು ಹಿಂದೆ ಬಿದ್ದಿಲ್ಲ. ಅವರ ಹತ್ತು ವರ್ಷದ ಓದಿನ ಮೇಲೆ ಇಂಗ್ಲಿಷಿನ ಓದನ್ನು ಕೂಡಿಸುವ ಕೆಲಸವನ್ನು ನಾವು, ದೊಡ್ಡವರು, ಮಾಡಿಲ್ಲ.

ಈ ಎರಡು ಭಾಷೆಗಳ ಪುಸ್ತಕದ ಮಾತಿಗೆ ಇನ್ನೊಂದು ಹೋಲಿಕೆಯಿದೆ. ಕನ್ನಡ ತನ್ನ ಶಾಸ್ತ್ರದ ಪದಗಳಿಗಾಗಿ ಸಂಸ್ಕೃತದ ಕಡೆ ನೋಡಿತು. ಇಂಗ್ಲಿಷ್ ಲ್ಯಾಟಿನ್ ಮತ್ತು ಗ್ರೀಕಿನ ಕಡೆ ನೋಡಿತು. ನ್ಯೂಟನ್ 1687ರಲ್ಲಿ ತನ್ನ ‘ಪ್ರಿನ್ಸಿಪಿಯಾ’ ಗ್ರಂಥವನ್ನು ಬರೆದದ್ದು ಲ್ಯಾಟಿನ್ನಿನಲ್ಲಿ. ಬೆಳಕಿನ ಬಗ್ಗೆ 1704ರಲ್ಲಿ ಪ್ರಕಟಿಸಿದ ‘ಆಪ್ಟಿಕ್ಸ್’ ಮಾತ್ರ ಇಂಗ್ಲಿಷಿನಲ್ಲಿತ್ತು. ವಿಜ್ಞಾನದ ಇಂಗ್ಲಿಷ್ ಕೂಡ ಹುಟ್ಟಿನಿಂದ ಸಿದ್ಧವಾಗಿ ಬಂದದ್ದಲ್ಲ, ಕಟ್ಟಿದ್ದು. ಇಂಗ್ಲಿಷರ ಮಕ್ಕಳಿಗೂ ಈ ನಡುವಿನ ಪದಗಳು ಅಮ್ಮನ ಮಡಿಲಲ್ಲಿ ಬರುವುದಿಲ್ಲ, ಶಾಲೆಯಲ್ಲೇ ಕಲಿಯಬೇಕು.

ಲ್ಯಾಟಿನ್ ಮೂಲ ತಿಳಿದರೆ ಪದಗಳು ಗುಂಪಾಗಿ ನೆನಪಿರುತ್ತವೆ. ಹೈಸ್ಕೂಲಿನಲ್ಲಿ ಉಪಸರ್ಗ ಕಲಿತವರಿಗೆ ಇದು ಸುಲಭ. ಆಹಾರ, ವಿಹಾರ, ಪ್ರಹಾರ, ಪರಿಹಾರ, ಸಂಹಾರ. ಎಲ್ಲದರಲ್ಲೂ ‘ಹಾರ’ ಇದೆ, ಮುಂದೆ ಸೇರಿದ್ದು ಬೇರೆ ಬೇರೆ. ಹಾಗೆಯೇ ರೆಡ್ಯೂಸ್, ಪ್ರೊಡ್ಯೂಸ್, ಡಿಡ್ಯೂಸ್, ಇಂಟ್ರೊಡ್ಯೂಸ್. ಎಲ್ಲದರಲ್ಲೂ ‘ಕರೆದೊಯ್ಯು’ ಎಂಬ ಅರ್ಥದ ಲ್ಯಾಟಿನ್ ಮೂಲವಿದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಆಹಾರ ಗೊತ್ತಿದ್ದವನು ಸಂಹಾರದ ಅರ್ಥವನ್ನು ಊಹಿಸಲಾರ. ಮೂಲದ ಜ್ಞಾನ ನೆನಪಿಡಲು ನೆರವಾಗುತ್ತದೆ. ಅದರಿಂದ ಅರ್ಥ ಊಹಿಸಲು ಹೊರಡಬೇಡಿ.

ಇಲ್ಲಿಯವರೆಗೆ ಎರಡು ಮಾತು ಹೇಳಿದೆ. ನಡುವಿನ ಪದಗಳು ಕಡಿಮೆ, ಆದರೆ ಎಲ್ಲ ಪುಟದಲ್ಲೂ ಬರುತ್ತವೆ. ಕನ್ನಡದ ವಿದ್ಯಾರ್ಥಿ ಅವುಗಳಿಗೆ ಪೂರ್ತಿ ಹೊಸಬನಲ್ಲ. ಈಗ, ಅವನ್ನು ಕಲಿಯುವುದು ಹೇಗೆ?

ಪಟ್ಟಿ ಇಟ್ಟುಕೊಂಡು ಉರು ಹೊಡೆಯಬೇಡಿ. ಪಟ್ಟಿ ಒಳ್ಳೆಯದೇ, ಆದರೆ ಅದು ಪೂರ್ತಿಯಲ್ಲ. ನಾವು ಮೊದಲು ಕೇಳಿದ ‘ರೆಸ್ಪೆಕ್ಟಿವ್ಲಿ’ ಆ 570ರಲ್ಲಿ ಇಲ್ಲ. ಅದರ ಮೂಲವಾದ ‘ರೆಸ್ಪೆಕ್ಟ್’ ದಿನಬಳಕೆಯ ಪಟ್ಟಿಗೆ ಸೇರಿರುವುದರಿಂದ ಇದು ಹೊರಗುಳಿಯಿತು. ನಿಮ್ಮ ನಿಜವಾದ ಪಟ್ಟಿ ನಿಮ್ಮ ಪಠ್ಯಪುಸ್ತಕ. ನಾಳೆ ಓದಬೇಕಾದ ಒಂದು ಪುಟ ತೆಗೆಯಿರಿ. ಪಾರಿಭಾಷಿಕ ಪದಗಳನ್ನು ಬಿಡಿ. ವಾಕ್ಯ ಅರ್ಥವಾಗದಂತೆ ತಡೆದ ಉಳಿದ ಪದಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ. ಅವುಗಳಲ್ಲಿ ಬೇರೆ ವಿಷಯದ ಪುಸ್ತಕದಲ್ಲೂ ಕಂಡ ಪದ ಯಾವುದು ನೋಡಿ. ಅದೇ ಮೊದಲು ಕಲಿಯಬೇಕಾದ ಪದ.

ಇದೇ ಕಾರಣಕ್ಕೆ, ದೊಡ್ಡ ದೊಡ್ಡ ಅಪರೂಪದ ಪದಗಳನ್ನು ದಿನಕ್ಕೊಂದರಂತೆ ಕಲಿಸುವ ಪುಸ್ತಕಗಳ ಬಗ್ಗೆ ನನಗೆ ಒಲವಿಲ್ಲ. ಆ ಪದ ಮತ್ತೆ ಎದುರಾಗುವುದು ಯಾವಾಗಲೋ. ಅಷ್ಟರಲ್ಲಿ ಮರೆತಿರುತ್ತದೆ. ‘ಇಂಡಿಕೇಟ್’ ಇವತ್ತು ರಸಾಯನಶಾಸ್ತ್ರದಲ್ಲಿ ಸಿಕ್ಕರೆ ನಾಳೆ ಭೂಗೋಳದಲ್ಲಿ ಸಿಗುತ್ತದೆ.

ಪದವನ್ನು ಬಿಡಿಯಾಗಿ ಕಿತ್ತು ತರಬೇಡಿ. ಅಡಿಕೆ ಸಸಿಯನ್ನು ಬುಡದ ಮಣ್ಣಿನ ಸಮೇತ ಎತ್ತಿ ನೆಡುವ ಹಾಗೆ, ಸುತ್ತಲಿನ ಮಾತಿನ ಸಮೇತ ತನ್ನಿ. ‘ಕನ್ಸಿಸ್ಟ್’ ಎಂದು ಬರೆದರೆ ಸಾಲದು, ‘ಕನ್ಸಿಸ್ಟ್ ಆಫ್’ ಎಂದು ಬರೆಯಬೇಕು. ‘ಡಿರೈವ್ಡ್ ಫ್ರಮ್’. ‘ಡಿಪೆಂಡ್ ಆನ್’. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿರುತ್ತದೆ. ‘ಮಳೆಯಿಂದ’ ಎನ್ನುವಾಗ ‘ಇಂದ’ ಕಣ್ತಪ್ಪಿ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವ ಪುಟ್ಟ ಪದಗಳು ದೂರ ನಿಂತಿರುತ್ತವೆ, ನಮ್ಮ ಕಣ್ಣು ಅವನ್ನು ಹಾರಿಸಿಬಿಡುತ್ತದೆ. ‘ರಿಸಲ್ಟ್ ಇನ್’ ಮತ್ತು ‘ರಿಸಲ್ಟ್ ಫ್ರಮ್’ ಈ ಎರಡನ್ನು ಕೇಳಿ. ಒಂದರಲ್ಲಿ ಮುಂದೆ ಬರುವುದು ಪರಿಣಾಮ. ಇನ್ನೊಂದರಲ್ಲಿ ಮುಂದೆ ಬರುವುದು ಕಾರಣ. ಮಳೆಯಿಂದ ನೆರೆ ಬಂತೋ, ನೆರೆಯಿಂದ ಮಳೆ ಬಂತೋ ಎಂಬಷ್ಟು ಅರ್ಥ ತಿರುಗಿಬಿಡುತ್ತದೆ.

ನೋಟ್‌ಬುಕ್ಕಿನ ಒಂದು ಪುಟವನ್ನು ಮನಸ್ಸಿಗೆ ತಂದುಕೊಳ್ಳಿ. ಮೇಲೆ ಪದ. ಅದರ ಕೆಳಗೆ ಪಠ್ಯಪುಸ್ತಕದ ವಾಕ್ಯ, ಇದ್ದದ್ದು ಇದ್ದ ಹಾಗೆ. ಅದರ ಕೆಳಗೆ ಆ ವಾಕ್ಯದಲ್ಲಿ ಪದಕ್ಕಿರುವ ಕನ್ನಡ ಅರ್ಥ, ಒಂದೇ ಒಂದು. ಆಮೇಲೆ ಪದದ ಕುಟುಂಬ. ಕೊನೆಗೆ ನೀವೇ ಮಾಡಿದ ಒಂದು ವಾಕ್ಯ. ಅಷ್ಟೇ. ನಿಘಂಟಿನಲ್ಲಿರುವ ಆರು ಅರ್ಥಗಳನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಉಳಿದ ಅರ್ಥಗಳು ಎದುರಾದಾಗ ಸೇರಿಸಿದರಾಯಿತು.

ನಿಘಂಟು ಯಾವುದು ಎಂದು ಕೇಳುತ್ತೀರಿ. ಎರಡು ಬೇಕು. ಒಂದು ಇಂಗ್ಲಿಷ್-ಕನ್ನಡ ನಿಘಂಟು. ಮೈಸೂರು ವಿಶ್ವವಿದ್ಯಾನಿಲಯದ ನಿಘಂಟು ಹಲವು ಗ್ರಂಥಾಲಯಗಳಲ್ಲಿ ಸಿಗುತ್ತದೆ. ಇನ್ನೊಂದು, ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟು. ಅದರಲ್ಲಿ ಕಷ್ಟದ ಪದವನ್ನು ಸುಲಭದ ಪದಗಳಲ್ಲೇ ಬಿಡಿಸಿರುತ್ತಾರೆ. ಈ ಪದ್ಧತಿಯ ಮೊದಲಿಗರಲ್ಲೂ ಢಾಕಾದ ವೆಸ್ಟ್ ಇದ್ದಾರೆ. 1935ರ ಅವರ ನಿಘಂಟು ಸಾವಿರಾರು ಪದಗಳನ್ನು ಸುಮಾರು 1500 ಪದಗಳ ಒಳಗೇ ವಿವರಿಸಿತ್ತು.

ಕುಟುಂಬ ಎಂದೆ. ಅದಕ್ಕೆ ಕಿವಿಗೊಡಿ, ರೇಡಿಯೋದಲ್ಲಿ ಅದನ್ನು ಚೆನ್ನಾಗಿ ಹೇಳಬಹುದು. ‘ಅನಲೈಸ್’. ಒತ್ತು ಮೊದಲಲ್ಲಿದೆ. ‘ಅನ್ಯಾಲಿಸಿಸ್’. ಒತ್ತು ಎರಡನೆಯದಕ್ಕೆ ಸರಿಯಿತು. ‘ಅನಲಿಟಿಕಲ್’. ಮೂರನೆಯದಕ್ಕೆ ಹೋಯಿತು. ಮೂರೂ ಒಂದೇ ಮನೆಯವು. ಕನ್ನಡದಲ್ಲಿ ಒತ್ತು ಹೀಗೆ ಜಾಗ ಬದಲಿಸುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಕಂಡು ಗುರುತಿಸಿದ ಪದವನ್ನು ಉಪನ್ಯಾಸಕರ ಬಾಯಲ್ಲಿ ಕೇಳಿದಾಗ ನಮ್ಮ ಹುಡುಗರಿಗೆ ಗುರುತು ಸಿಗುವುದಿಲ್ಲ. ಬರೆದ ಪ್ರತಿ ಪದವನ್ನೂ ಗಟ್ಟಿಯಾಗಿ ಹೇಳಿ. ಮನೆಯವರಿಗೆ ಕೇಳಿಸಲಿ, ಚಿಂತೆಯಿಲ್ಲ.

ಮರೆವಿನ ಬಗ್ಗೆ ಎರಡೇ ಮಾತು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತೇನೆ ಎಂದು ಅಳೆದ. 1885ರಲ್ಲಿ ಅದನ್ನು ಪ್ರಕಟಿಸಿದ. ಮರೆವು ಮೊದಲ ದಿನವೇ ಅತಿ ಹೆಚ್ಚು, ಆಮೇಲೆ ನಿಧಾನ. ಆದ್ದರಿಂದ ಕಲಿತ ಪದವನ್ನು ಮರುದಿನ ನೋಡಿ. ಮೂರು ದಿನ ಬಿಟ್ಟು ನೋಡಿ. ವಾರ ಬಿಟ್ಟು, ತಿಂಗಳು ಬಿಟ್ಟು ನೋಡಿ. ನೋಡುವಾಗ ಅರ್ಥವನ್ನು ಕೈಯಿಂದ ಮುಚ್ಚಿ, ಮೊದಲು ನೆನಪಿಸಿಕೊಳ್ಳಿ.

ಹೀಗೆ, ಪುಸ್ತಕದಿಂದ ಆರಿಸುವುದು, ವಾಕ್ಯದೊಂದಿಗೆ ಬರೆಯುವುದು, ಬಿಟ್ಟು ಬಿಟ್ಟು ನೋಡುವುದು ಎಂದು ಹೇಳಿದೆ. ಇನ್ನು ಪರೀಕ್ಷೆಯ ವಿಷಯ.

ಪ್ರಶ್ನೆಪತ್ರಿಕೆಯ ಕ್ರಿಯಾಪದಗಳು ಈ ನಡುವಿನ ಪದಗಳೇ. ಡಿಫೈನ್. ಸ್ಟೇಟ್. ಎಕ್ಸ್‌ಪ್ಲೇನ್. ಡಿಸ್ಟಿಂಗ್ವಿಶ್. ಜಸ್ಟಿಫೈ. ಡಿರೈವ್. ‘ಸ್ಟೇಟ್ ಓಮ್ಸ್ ಲಾ’ ಎಂದು ಕೇಳಿದರೆ ಇಲ್ಲಿ ‘ಸ್ಟೇಟ್’ ರಾಜ್ಯವಲ್ಲ. ಓಮ್‌ನ ನಿಯಮವನ್ನು ‘ನಿರೂಪಿಸಿ’ ಎಂದು. ಒಂದೆರಡು ವಾಕ್ಯ ಸಾಕು. ಅದನ್ನು ತಿಳಿಯದ ವಿದ್ಯಾರ್ಥಿ ಒಂದು ಪುಟ ಬರೆದು ಸಮಯ ಕಳೆದುಕೊಳ್ಳುತ್ತಾನೆ. ‘ಡಿರೈವ್’ ಎಂದಾಗ ಸೂತ್ರವನ್ನಷ್ಟೇ ಬರೆದರೆ ಅಂಕ ಹೋಯಿತು. ಅಲ್ಲಿ ಕೇಳಿರುವುದು ಸೂತ್ರಕ್ಕೆ ತಲುಪುವ ಹೆಜ್ಜೆಗಳನ್ನು. ‘ಡಿಸ್ಟಿಂಗ್ವಿಶ್’ ಎಂದರೆ ಎರಡರ ಬಗ್ಗೆ ಬೇರೆ ಬೇರೆ ಟಿಪ್ಪಣಿಯಲ್ಲ. ಒಂದೊಂದು ಅಂಶದಲ್ಲೂ ಎರಡನ್ನೂ ಎದುರುಬದುರು ಇಟ್ಟು ತೋರಿಸಬೇಕು. ‘ಜಸ್ಟಿಫೈ’ ಎಂದರೆ ವಿವರಣೆಯಲ್ಲ, ಕಾರಣ ಕೊಟ್ಟು ಸಮರ್ಥಿಸುವುದು. ಇದೆಲ್ಲ ಎಸ್ಸೆಸ್ಸೆಲ್ಸಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ನೀವು ಸರಿಯಾಗಿ ಮಾಡಿದ್ದೇ. ನಿರೂಪಿಸಿ, ವಿವರಿಸಿ, ವ್ಯತ್ಯಾಸ ತಿಳಿಸಿ, ಸಮರ್ಥಿಸಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಎರಡು ಭಾಷೆಗಳಲ್ಲೂ ಮುಂದಿಟ್ಟುಕೊಂಡು ಈ ಕ್ರಿಯಾಪದಗಳನ್ನು ಜೋಡಿ ಮಾಡಿ. ಹೆಚ್ಚೆಂದರೆ ಇಪ್ಪತ್ತು ಜೋಡಿ ಸಿಗುತ್ತವೆ. ಗೊತ್ತಿದ್ದ ಉತ್ತರಕ್ಕೆ ಅಂಕ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ವಿದ್ಯಾರ್ಥಿಗೆ ಇನ್ನೊಂದಿಲ್ಲ. ಆ ನಷ್ಟವನ್ನು ಈ ಇಪ್ಪತ್ತು ಪದಗಳು ತಪ್ಪಿಸುತ್ತವೆ.

ಉಪನ್ಯಾಸಕ ಮಿತ್ರರಲ್ಲೂ ಒಂದು ಕೋರಿಕೆ. ನಿಮ್ಮ ವಿಷಯ ಯಾವುದೇ ಇರಲಿ. ಒಂದು ಪಾಠ ಶುರು ಮಾಡುವ ಮೊದಲು ಐದು ನಿಮಿಷ ಕೊಡಿ. ಆ ಪಾಠದ ಪಾರಿಭಾಷಿಕ ಪದಗಳಲ್ಲದೆ, ವಾಕ್ಯ ಕಟ್ಟುವ ಐದಾರು ನಡುವಿನ ಪದಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಕನ್ನಡದಲ್ಲಿ ಅರ್ಥ ಹೇಳಿ. ಕನ್ನಡ ಬಳಸಿದರೆ ಮಟ್ಟ ಇಳಿಯುತ್ತದೆ ಎಂಬ ಅಂಜಿಕೆ ಬೇಡ. ಕನ್ನಡದಲ್ಲಿ ಬಿಡಿಸಿ, ಇಂಗ್ಲಿಷ್ ವಾಕ್ಯವನ್ನು ಮತ್ತೊಮ್ಮೆ ಓದಿ. ಹಲವರು ಇದನ್ನು ಈಗಲೂ ಮಾಡುತ್ತಿದ್ದೀರಿ. ನಿಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನವರೂ ಪ್ರಶ್ನೆ ಕೇಳುವುದನ್ನು ನೀವೇ ಕಂಡಿರುತ್ತೀರಿ.

ಕೊನೆಯದಾಗಿ ಸಮಯದ ಲೆಕ್ಕ. ವಾರಕ್ಕೆ ಹತ್ತು ಕುಟುಂಬ ಕಲಿತರೆ 570ಕ್ಕೆ 57 ವಾರ ಬೇಕು. ವರ್ಷಕ್ಕಿಂತ ತುಸು ಹೆಚ್ಚು. ಪ್ರಥಮ ಪಿಯುಸಿಯ ಮೊದಲ ತಿಂಗಳು ಶುರು ಮಾಡಿದವರು, ರಜೆ, ಪರೀಕ್ಷೆ, ಜ್ವರ, ಊರಹಬ್ಬ ಎಲ್ಲ ಕಳೆದರೂ, ದ್ವಿತೀಯ ಪಿಯುಸಿಯ ವಾರ್ಷಿಕ ಪರೀಕ್ಷೆಗೆ ಮೊದಲೇ ಮುಗಿಸಬಹುದು. ಪದವಿಗೆ ಸೇರಿದವರೂ ಹೀಗೇ ಶುರು ಮಾಡಬಹುದು.

ಮೊದಲ ವಾರದ ಹತ್ತು ಪದಗಳನ್ನು ಈಗಲೇ ಹೇಳುತ್ತೇನೆ. ಪೆನ್ನು, ಕಾಗದ ಹತ್ತಿರವಿದ್ದವರು ಬರೆದುಕೊಳ್ಳಿ. ಅಸ್ಯೂಮ್. ಇಂಡಿಕೇಟ್. ಕನ್ಸಿಸ್ಟ್, ಜೊತೆಗೆ ಆಫ್. ಡಿರೈವ್, ಜೊತೆಗೆ ಫ್ರಮ್. ಅಕರ್. ವೇರಿ, ಅಂದರೆ ಬದಲಾಗು. ರಿಕ್ವೈರ್. ಸ್ಪೆಸಿಫಿಕ್. ಸಿಗ್ನಿಫಿಕೆಂಟ್. ಇಂಟರ್‌ಪ್ರಿಟ್. ಈ ಹತ್ತರಲ್ಲಿ ಎಷ್ಟು ಪದ ನಿಮ್ಮ ನಾಳೆಯ ಪಾಠದಲ್ಲಿವೆ, ಹುಡುಕಿ ನೋಡಿ.